ರಾಜನಿಲ್ಲದವರು ಕಟ್ಟಿಕೊಂಡ ರಾಜ

1934ರ ಮಾರ್ಚ್‌ನಲ್ಲಿ ಜಮೈಕಾದ ಮೋರಂಟ್ ಬೇ ಊರಿನ ನ್ಯಾಯಾಲಯ ಲೆನರ್ಡ್ ಹೋವೆಲ್ ಅವರಿಗೆ ರಾಜದ್ರೋಹದ ಆಪಾದನೆಯ ಮೇಲೆ ಎರಡು ವರ್ಷ ಸೆರೆವಾಸ ವಿಧಿಸಿತು. ಕಬ್ಬಿನ ತೋಟಗಳಲ್ಲಿ ದುಡಿಯುವ ಕರಿಯರ ಮುಂದೆ ನಿಂತು ಅವರು ಹೇಳಿದ್ದು ಇಷ್ಟು: ನಿಮ್ಮ ದೊರೆ ಲಂಡನ್ನಿನ ಐದನೆಯ ಜಾರ್ಜ್ ಅಲ್ಲ, ಇಥಿಯೋಪಿಯಾದ ಹೈಲೆ ಸೆಲಾಸಿ. ಆ ಚಕ್ರವರ್ತಿಯ ಭಾವಚಿತ್ರಗಳನ್ನೂ ಅವರು ಮಾರುತ್ತಿದ್ದರು. ಇದೇ ಮೋರಂಟ್ ಬೇಯಲ್ಲಿ 1865ರಲ್ಲಿ ಬಡ ಕರಿಯರು ದಂಗೆ ಎದ್ದಾಗ ವಸಾಹತು ಸರ್ಕಾರ ನಾನೂರಕ್ಕೂ ಹೆಚ್ಚು ಜನರನ್ನು ಕೊಂದಿತ್ತು, ಮುಂದಾಳು ಪಾಲ್ ಬೋಗಲ್ ಅವರನ್ನು ಗಲ್ಲಿಗೇರಿಸಿತ್ತು. ಅಂಥ ನೆಲದಲ್ಲಿ ನಿಂತು ಇನ್ನೊಬ್ಬ ರಾಜನ ಹೆಸರು ಹೇಳುವುದು ಹುಡುಗಾಟವಾಗಿರಲಿಲ್ಲ.

ರಸ್ತಫಾರಿ ಎಂದರೆ ಜಟೆ, ಗಾಂಜಾ, ರೆಗ್ಗೆ ಎಂದಷ್ಟೇ ಬಲ್ಲವರಿಗೆ ಈ ಆರಂಭ ಅಪರಿಚಿತ. ಆದರೆ ಈ ಪಂಥದ ನಡುಗಂಬ ಇರುವುದು ಇಲ್ಲೇ, ರಾಜತ್ವದ ಕಲ್ಪನೆಯಲ್ಲಿ. ಇದು ಇಪ್ಪತ್ತನೆಯ ಶತಮಾನದ ಶೋಷಿತರು ಕಟ್ಟಿದ ಅತ್ಯಂತ ಸಾಹಸದ ಕಲ್ಪನೆಗಳಲ್ಲೊಂದು ಎಂದು ನಾನು ನಂಬಿದ್ದೇನೆ. ಅದೇ ಕಲ್ಪನೆ ಕೆಲವು ಕಡೆ ಕಣ್ಣು ಮುಚ್ಚಿಕೊಂಡಿತು ಎಂಬುದನ್ನೂ ಅಷ್ಟೇ ಗಟ್ಟಿಯಾಗಿ ಹೇಳಬೇಕಾಗಿದೆ.

ಮೊದಲು, ಈ ರಾಜ ಎಲ್ಲಿಂದ ಬಂದ? ಅಜ್ಜ ಮುತ್ತಜ್ಜರ ನೆನಪಿನಿಂದಲ್ಲ. ಜಮೈಕಾಕ್ಕೆ ಗುಲಾಮರಾಗಿ ಬಂದವರಲ್ಲಿ ಹೆಚ್ಚಿನವರು ಆಫ್ರಿಕಾದ ಪಶ್ಚಿಮ ದಿಕ್ಕಿನವರು: ಇಂದಿನ ಘಾನಾದ ಅಕಾನರು, ನೈಜೀರಿಯಾದ ಇಗ್ಬೊಗಳು, ಕಾಂಗೋ ಸೀಮೆಯವರು. ಇಗ್ಬೊ ಹಳ್ಳಿಗಳಲ್ಲಿ ಬಹಳಷ್ಟು ರಾಜನೇ ಇಲ್ಲದೆ ಹಿರಿಯರ ಸಭೆಯಿಂದ ನಡೆಯುತ್ತಿದ್ದವು. ಇಥಿಯೋಪಿಯಾ ಇರುವುದು ಖಂಡದ ಮತ್ತೊಂದು ಅಂಚಿನಲ್ಲಿ. ಅಂದರೆ ರಾಸ್ತಾಗಳಿಗೆ (ರಸ್ತಫಾರಿ ಪಂಥದವರಿಗೆ) ಇಥಿಯೋಪಿಯಾ ಪಿತ್ರಾರ್ಜಿತವಲ್ಲ, ಅವರೇ ಆರಿಸಿಕೊಂಡದ್ದು. ಆರಿಸಿಕೊಳ್ಳಲು ಬಲವಾದ ಕಾರಣಗಳಿದ್ದವು. ಮಿಷನರಿಗಳು ಕೈಗಿತ್ತ ಬೈಬಲ್‌ನಲ್ಲಿ ಕರಿಯರ ನಾಡೊಂದು ಗೌರವದಿಂದ ಹೆಸರು ಪಡೆದಿದ್ದರೆ ಅದು ಇಥಿಯೋಪಿಯಾ. 1896ರಲ್ಲಿ ಅಡ್ವಾ ಎಂಬಲ್ಲಿ ಎರಡನೆಯ ಮೆನೆಲಿಕ್ ಇಟಲಿಯ ಸೇನೆಯನ್ನು ಬಡಿದಟ್ಟಿದ್ದ. ಯುರೋಪಿನವರು ಖಂಡವನ್ನೆಲ್ಲ ಹಂಚಿಕೊಂಡ ಕಾಲದಲ್ಲಿ ತಲೆಯೆತ್ತಿ ನಿಂತಿದ್ದ ಕರಿಯರ ಸಿಂಹಾಸನ ಅದು.

ಆ ಸಿಂಹಾಸನಕ್ಕೆ ತನ್ನದೇ ಪುರಾಣವಿತ್ತು. ಗೀಜ್ ಭಾಷೆಯ ‘ಕೆಬ್ರ ನಗಸ್ತ್’ ಹದಿನಾಲ್ಕನೆಯ ಶತಮಾನದ ಗ್ರಂಥ. ಶೇಬಾದ ರಾಣಿ ಮಕೆದಾ ದೊರೆ ಸೊಲೊಮೋನನನ್ನು ಕಾಣಲು ಹೋದದ್ದು, ಅವರ ಮಗ ಮೆನೆಲಿಕ್ ದೇವರ ಮಂಜೂಷವನ್ನು ಇಥಿಯೋಪಿಯಾಕ್ಕೆ ತಂದದ್ದು, ಹೀಗೆ ದೇವರ ಆಯ್ಕೆ ಜೆರುಸಲೇಮಿನಿಂದ ಆಫ್ರಿಕಾಕ್ಕೆ ದಾಟಿದ್ದು ಅದರ ಕಥೆ. 1270ರಲ್ಲಿ ಪಟ್ಟಕ್ಕೆ ಬಂದ ವಂಶಕ್ಕೆ ಹಕ್ಕುಪತ್ರವಾದ ಕಥೆಯೂ ಹೌದು. 1868ರಲ್ಲಿ ಬ್ರಿಟಿಷ್ ಸೇನೆ ಮಗ್ದಲದ ಕೋಟೆಯಿಂದ ದೋಚಿ ಒಯ್ದ ಹಸ್ತಪ್ರತಿಗಳಲ್ಲಿ ಈ ಗ್ರಂಥವೂ ಇತ್ತು; ನಾಲ್ಕು ವರ್ಷದ ಮೇಲೆ ದೊರೆ ನಾಲ್ಕನೆಯ ಯೊಹಾನ್ನಿಸ್ ಪತ್ರ ಬರೆದು ಅದನ್ನು ಹಿಂದಕ್ಕೆ ಪಡೆದ. ಆ ಪುಸ್ತಕ ಕೈಯಲ್ಲಿಲ್ಲದೆ ಜನರನ್ನು ಆಳುವುದು ಅವನಿಗೆ ಕಷ್ಟವಾಗಿತ್ತು.

1930ರ ನವೆಂಬರ್ 2ರಂದು ಆಡಿಸ್ ಅಬಾಬಾದಲ್ಲಿ ರಾಸ್ ತಫಾರಿ ಮಕೊನ್ನೆನ್ ಹೈಲೆ ಸೆಲಾಸಿ ಎಂಬ ಹೆಸರಿನಲ್ಲಿ ಕಿರೀಟ ಧರಿಸಿದಾಗ ರಾಜರ ರಾಜ, ಯೆಹೂದ ಕುಲದ ವಿಜಯಸಿಂಹ ಎಂಬ ಬಿರುದುಗಳೂ ಜೊತೆಗೆ ಬಂದವು. ಬೈಬಲ್‌ನ ಪ್ರಕಟನೆ ಗ್ರಂಥವನ್ನು ಬಾಯಿಪಾಠ ಮಾಡಿದ್ದ ಜಮೈಕಾದ ಬಡವರಿಗೆ ಆ ಬಿರುದುಗಳು ಚೆನ್ನಾಗಿ ಗೊತ್ತಿದ್ದವು. ಬ್ರಿಟನ್ನಿನ ದೊರೆಯ ಮಗ ಗ್ಲಾಸ್ಟರ್ ಡ್ಯೂಕ್ ತಂದೆಯ ಪರವಾಗಿ ಸಮಾರಂಭಕ್ಕೆ ಬಂದಿದ್ದ. 1931ರ ಜೂನ್ ತಿಂಗಳ ನ್ಯಾಷನಲ್ ಜಿಯಾಗ್ರಫಿಕ್ ಪತ್ರಿಕೆ ಪಟ್ಟಾಭಿಷೇಕದ ಬಣ್ಣದ ಚಿತ್ರಗಳನ್ನು ಅಚ್ಚು ಹಾಕಿತು. ಕೂಲಿಗೆ ಹೋಗುವ ಮನುಷ್ಯ ಆ ಚಿತ್ರಗಳಲ್ಲಿ ತನ್ನದೇ ಮೈಬಣ್ಣದ ಚಕ್ರವರ್ತಿಯನ್ನು, ಅವನ ಅತಿಥಿಯಾಗಿ ನಿಂತ ತನ್ನ ಒಡೆಯರ ಮಗನನ್ನು ಕಂಡ. ಮುನ್ನೂರು ವರ್ಷದ ಪಾಠ ಒಂದೇ ಚಿತ್ರದಿಂದ ತಲೆಕೆಳಗಾಯಿತು.

ಹೋವೆಲ್ 1935ರಲ್ಲಿ ಹೊರತಂದ ‘ದಿ ಪ್ರಾಮಿಸ್ಡ್ ಕೀ’ ಪುಸ್ತಿಕೆಗೆ ಇಟ್ಟುಕೊಂಡ ಲೇಖಕನ ಹೆಸರು ಗಂಗುನ್‌ಗುರು ಮರಾಘ್. 1845ರಿಂದ ಜಮೈಕಾಕ್ಕೆ ಕರಾರು ಕೂಲಿಗಳಾಗಿ ಹೋದ ಭಾರತೀಯರ ಒಡನಾಟದ ಗುರುತು ಅದು. ಗಾಂಜಾ ಹೋದದ್ದೂ ಅವರ ಜೊತೆಗೇ. ರಾಜನನ್ನು ದೇವರ ಅವತಾರವೆಂದು ಕಾಣುವುದೂ ಅಲ್ಲಿಂದಲೇ ಬಂತು ಎಂದು ಸಂಶೋಧಕರಾದ ಮಾನ್‌ಸಿಂಗ್ ದಂಪತಿ ವಾದಿಸಿದ್ದಾರೆ. ಅಷ್ಟು ದೂರ ಹೋಗಲು ನನಗೆ ಮನಸ್ಸಿಲ್ಲ. ಬಟ್ಟೆಯ ಹಾಸುಹೊಕ್ಕು ಬೈಬಲ್‌ನದು, ನಮ್ಮವರ ಬಣ್ಣ ಅಂಚಿನಲ್ಲಿದೆ.

ರಾಸ್ತಾಗಳ ನಿಜವಾದ ಸೃಷ್ಟಿಶಕ್ತಿ ಕಾಣುವುದು ಮುಂದಿನ ಹೆಜ್ಜೆಯಲ್ಲಿ. ಅವರು ರಾಜನ ಪ್ರಜೆಗಳಾಗಿ ಕೈಮುಗಿದು ಉಳಿಯಲಿಲ್ಲ. ರಾಜತ್ವವನ್ನೇ ತಮ್ಮ ಮೈಮೇಲೆ ಇಳಿಸಿಕೊಂಡರು. ಸಿಂಹದ ಕೇಸರದಂತೆ ಜಟೆ ಬಿಟ್ಟರು. ಜಾಹ್, ಅಂದರೆ ದೇವರು, ಪ್ರತಿಯೊಬ್ಬರೊಳಗೂ ಇದ್ದಾನೆ ಎಂದ ಮೇಲೆ ‘ನಾನು’, ‘ನೀನು’ ಎಂದು ಬೇರೆ ಬೇರೆ ಹೇಳದೆ ‘ನಾನು ಮತ್ತು ನಾನು’ ಎಂದು ಮಾತಾಡತೊಡಗಿದರು. ಗಂಡಸರು ಒಬ್ಬರನ್ನೊಬ್ಬರು ಕಿಂಗ್ ಎಂದರು, ಹೆಂಗಸರನ್ನು ಎಂಪ್ರೆಸ್ ಎಂದರು. ಕಿಂಗ್‌ಸ್ಟನ್ನಿನ ಕಸದ ಗುಡ್ಡೆಯ ಪಕ್ಕದ ತಗಡಿನ ಗುಡಿಸಲಲ್ಲಿ ಇರುವವನು ತನ್ನನ್ನು ರಾಜವಂಶದವನೆಂದು ತಿಳಿದು ಬೆನ್ನು ನೆಟ್ಟಗೆ ಮಾಡಿ ನಡೆದದ್ದನ್ನು ಭ್ರಮೆ ಎಂದು ತಳ್ಳಿಹಾಕುವವರು, ಗುಲಾಮಗಿರಿ ಮನುಷ್ಯನ ಬೆನ್ನಿಗೆ ಏನು ಮಾಡುತ್ತದೆ ಎಂಬುದನ್ನು ಯೋಚಿಸಿದವರಲ್ಲ.

ಆ ನೆಟ್ಟಗಿನ ಬೆನ್ನನ್ನು ಮುರಿಯಲು ಸರ್ಕಾರಗಳು ಬಹಳ ಶ್ರಮಿಸಿದವು. ಹೋವೆಲ್ 1940ರಲ್ಲಿ ಗುಡ್ಡದ ಮೇಲೆ ಕಟ್ಟಿದ ಪಿನಾಕಲ್ ಎಂಬ ನೆಲೆಯ ಮೇಲೆ ಪೊಲೀಸರು ಮತ್ತೆ ಮತ್ತೆ ನುಗ್ಗಿದರು, 1954ರಲ್ಲಿ ಅದನ್ನು ಹಾಳುಗೆಡವಿದರು. ಸ್ವಾತಂತ್ರ್ಯ ಬಂದ ಮರುವರ್ಷ, 1963ರ ಏಪ್ರಿಲ್‌ನಲ್ಲಿ, ಕೋರಲ್ ಗಾರ್ಡನ್ಸ್‌ನ ಘರ್ಷಣೆಯ ನೆಪದಲ್ಲಿ ರಾಸ್ತಾಗಳನ್ನು ಹಿಡಿದು ಹೊಡೆದು, ಸೆರೆಗೆ ಹಾಕಿ, ಜಟೆ ಕತ್ತರಿಸಿದ್ದು ಕರಿಯರದೇ ಸರ್ಕಾರ. ಪ್ರಧಾನಿಯೊಬ್ಬರು ಅದಕ್ಕೆ ಕ್ಷಮೆ ಕೇಳಲು 2017 ಬರಬೇಕಾಯಿತು. ಆದರೆ 1966ರ ಏಪ್ರಿಲ್ 21ರಂದು ಸೆಲಾಸಿ ಕಿಂಗ್‌ಸ್ಟನ್ನಿಗೆ ಬಂದಿಳಿದಾಗ ವಿಮಾನ ನಿಲ್ದಾಣದ ಅಂಗಳವೇ ಜನಸಾಗರವಾಗಿ ಪೊಲೀಸರ ಕೈ ಮೀರಿತು. ದಾರಿ ಬಿಡಿಸಲು ಅಧಿಕಾರಿಗಳು ರಾಸ್ತಾ ಹಿರಿಯ ಮಾರ್ಟಿಮರ್ ಪ್ಲಾನೊ ಅವರ ನೆರವು ಬೇಡಬೇಕಾಯಿತು.

ಇಷ್ಟು ಒಪ್ಪಿದ ಮೇಲೆ ಕಷ್ಟದ ಪ್ರಶ್ನೆಗೆ ಬರಬೇಕು. ಆ ವಿಮಾನದಿಂದ ಇಳಿದ ಮನುಷ್ಯ ಒಂದು ನಿಜವಾದ ಸಾಮ್ರಾಜ್ಯವನ್ನು ಆಳುತ್ತಿದ್ದ. ಆ ಸಾಮ್ರಾಜ್ಯ ಗುಲಾಮಗಿರಿಯನ್ನು ಕಾನೂನಿನಿಂದ ಪೂರ್ತಿ ತೆಗೆದುಹಾಕಿದ್ದು 1942ರಲ್ಲಿ. ಗುಲಾಮರ ಮೊಮ್ಮಕ್ಕಳು ಸೆಲಾಸಿಯನ್ನು ದೇವರೆಂದು ಕರೆದಾಗ ಅವನ ನಾಡಿನಲ್ಲಿ ಗುಲಾಮರಿದ್ದರು. ಇದನ್ನು ಎತ್ತಿ ಆಡಿದವರು ಬಿಳಿಯರು ಮಾತ್ರವಲ್ಲ, ರಾಸ್ತಾಗಳು ಪ್ರವಾದಿಯೆಂದು ಗೌರವಿಸುವ ಮಾರ್ಕಸ್ ಗಾರ್ವಿ ಕೂಡ. ಇಟಲಿ ದಾಳಿ ಮಾಡಿದಾಗ 1936ರಲ್ಲಿ ದೇಶ ಬಿಟ್ಟುಹೋದ ಚಕ್ರವರ್ತಿಯನ್ನು ಗಾರ್ವಿ ತಮ್ಮ ಪತ್ರಿಕೆಯಲ್ಲಿ ಕಟುವಾಗಿ ಖಂಡಿಸಿದರು. 1955ರ ಸಂವಿಧಾನ ಚಕ್ರವರ್ತಿಯ ದೇಹವೇ ಪವಿತ್ರ ಎಂದು ಸಾರಿತು. ಎಪ್ಪತ್ತರ ದಶಕದ ಆರಂಭದಲ್ಲಿ ವೊಲ್ಲೊ ಪ್ರಾಂತ್ಯದ ಜನ ಹಸಿವಿನಿಂದ ಸಾಯುತ್ತಿದ್ದಾಗ ಆಸ್ಥಾನ ಅದನ್ನು ಮುಚ್ಚಿಟ್ಟಿತು. 1974ರ ಸೆಪ್ಟೆಂಬರ್‌ನಲ್ಲಿ ಸೈನಿಕರು ಅವನನ್ನು ಇಳಿಸಿದರು, ಮರುವರ್ಷ ಅವನು ಸತ್ತ. ಬಾಬ್ ಮಾರ್ಲಿ ಆ ಸುದ್ದಿಗೆ ‘ಜಾಹ್ ಲಿವ್’ ಹಾಡಿನಿಂದ ಉತ್ತರ ಕೊಟ್ಟರು. ಹಾಡು ಚೆನ್ನಾಗಿದೆ, ಆದರೆ ವೊಲ್ಲೊದ ಸತ್ತವರಿಗೆ ಅದರಲ್ಲಿ ಜಾಗವಿಲ್ಲ. ಮುಂದಿನ ವರ್ಷ ಅವರದೇ ‘ವಾರ್’ ಸೆಲಾಸಿ 1963ರಲ್ಲಿ ವಿಶ್ವಸಂಸ್ಥೆಯಲ್ಲಿ ಮಾಡಿದ ಭಾಷಣವನ್ನು ಹಾಡಾಗಿಸಿತು. ಅಲ್ಲಿ ದೊರೆಯ ಮೈಗಿಂತ ಮಾತು ಮುಖ್ಯವಾಗಿದೆ, ಆದ್ದರಿಂದ ಆ ಹಾಡು ಹೆಚ್ಚು ಗಟ್ಟಿ.

ರಾಸ್ತಾ ಕಲ್ಪನೆಯ ಕೊರತೆ ಅದು ರಾಜನನ್ನು ನಂಬಿದ್ದರಲ್ಲಿಲ್ಲ. ರಾಜನನ್ನು ಪ್ರಶ್ನಿಸುವ ದಾರಿ ಇಟ್ಟುಕೊಳ್ಳದ್ದರಲ್ಲಿದೆ. ಆಫ್ರಿಕಾದಲ್ಲಿ ಆ ದಾರಿ ಇತ್ತು, ಅದೂ ಜಮೈಕಾದವರ ಹಿರಿಯರ ನಾಡಿನಲ್ಲೇ. ಅಕಾನರಲ್ಲೇ ಒಂದು ಗುಂಪಾದ ಅಸಾಂಟೆ (ಅಶಾಂಟಿ) ಜನರಲ್ಲಿ ಜನಾಂಗದ ಪ್ರಾಣವಿರುವುದು ರಾಜನಲ್ಲಲ್ಲ, ಚಿನ್ನದ ಪೀಠದಲ್ಲಿ. ಅದರ ಮೇಲೆ ರಾಜನೂ ಕೂರುವಂತಿಲ್ಲ. ಕೊಟ್ಟ ಮಾತಿಗೆ ತಪ್ಪಿದ ಒಡೆಯನನ್ನು ಹಿರಿಯರು ಗದ್ದುಗೆಯಿಂದ ಇಳಿಸಬಹುದಿತ್ತು. ರಾಸ್ತಾಗಳ ಒಂದು ಶಾಖೆ ತನ್ನನ್ನು ಬೋಬೊ ಅಶಾಂಟಿ ಎಂದು ಕರೆದುಕೊಂಡರೂ ಈ ಪದ್ಧತಿಯನ್ನು ತನ್ನದಾಗಿಸಿಕೊಳ್ಳಲಿಲ್ಲ.

ಹೆಣ್ಣಿನ ವಿಷಯದಲ್ಲಂತೂ ಈ ರಾಜತ್ವ ತನ್ನ ಮೂಲವನ್ನೇ ಮರೆತಿದೆ. ಇನ್ನೊಂದು ಶಾಖೆಯ ಹೆಸರು ನ್ಯಾಬಿಂಗಿ. ಅದು ಪೂರ್ವ ಆಫ್ರಿಕಾದ ಸ್ತ್ರೀಶಕ್ತಿಯೊಂದರ ಹೆಸರು. ಆ ಹೆಸರಿನಲ್ಲಿ ಬ್ರಿಟಿಷರ ವಿರುದ್ಧ ಕಾದಾಡಿ 1911ರಲ್ಲಿ ಸೆರೆಸಿಕ್ಕವಳು ಮುಹುಮುಜಾ ಎಂಬ ಹೆಂಗಸು. ಆದರೆ ಜಮೈಕಾದ ನ್ಯಾಬಿಂಗಿ ಕೂಟಗಳಲ್ಲಿ ಪವಿತ್ರ ನಗಾರಿಗಳನ್ನು ಬಾರಿಸುವುದು ಗಂಡಸರ ಹಕ್ಕಾಯಿತು, ಮುಟ್ಟಾದವರು ದೂರ ಇರಬೇಕಾಯಿತು. ‘ಕೆಬ್ರ ನಗಸ್ತ್’ ಕೂಡ ರಾಣಿಯಿಂದ ಶುರುವಾಗಿ, ಇನ್ನು ಮುಂದೆ ಹೆಣ್ಣು ಆಳಬಾರದೆಂಬ ಕಟ್ಟಳೆಗೆ ಬಂದು ಮುಟ್ಟುತ್ತದೆ. ಆದರೂ ಸೆಲಾಸಿಗಿಂತ ಹಿಂದೆ 1916ರಿಂದ 1930ರವರೆಗೆ ಆ ಪಟ್ಟದಲ್ಲಿದ್ದವಳು ಸಾಮ್ರಾಜ್ಞಿ ಜವ್ದಿತು. ಅವಳ ಹೆಸರು ರಾಸ್ತಾ ಮಾತುಗಳಲ್ಲಿ ಅಪರೂಪ. ಎಂಪ್ರೆಸ್ ಎಂದು ಕರೆಯುವುದು ಸುಲಭ. ನಗಾರಿ ಕೊಡುವುದು ಬೇರೆ.

ಕಲ್ಪನೆಯ ರಾಜ್ಯ ನೆಲ ಮುಟ್ಟಿದ್ದು ಶಾಶಮನೆಯಲ್ಲಿ, ಆಡಿಸ್ ಅಬಾಬಾದಿಂದ ದಕ್ಷಿಣಕ್ಕೆ ಸುಮಾರು 250 ಕಿಲೋಮೀಟರ್ ದೂರದಲ್ಲಿ. ಇಟಲಿಯ ದಾಳಿಯ ಕಾಲದಲ್ಲಿ ಇಥಿಯೋಪಿಯಾದ ಪರ ನಿಂತ ಪಶ್ಚಿಮದ ಕರಿಯರಿಗೆಂದು ಸೆಲಾಸಿ 1948ರಲ್ಲಿ ಅಲ್ಲಿ ಭೂಮಿ ಕೊಟ್ಟ. ಜಮೈಕಾದಿಂದ, ಬೇರೆ ದ್ವೀಪಗಳಿಂದ ರಾಸ್ತಾಗಳು ಬಂದು ನೆಲೆಸಿದರು. ಮಾತು ಉಳಿಸಿಕೊಂಡ ರಾಜ ಎಂಬ ಅವರ ಕೃತಜ್ಞತೆ ನ್ಯಾಯವಾದದ್ದೇ. ಆದರೆ ಅದು ಒರೋಮೊ ಜನರ ಸೀಮೆ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಎರಡನೆಯ ಮೆನೆಲಿಕ್‌ನ ಸೇನೆ ದಕ್ಷಿಣವನ್ನು ಗೆದ್ದಾಗ ಅಲ್ಲಿನ ನೆಲ ಸೈನಿಕರಿಗೆ, ಶ್ರೀಮಂತರಿಗೆ ಹಂಚಿಹೋಗಿತ್ತು. ನೆಲ ಕಳೆದುಕೊಂಡವರು ಹಿಂತಿರುಗಿ ಬಂದ ನೆಲ ಹೀಗೆ ಇನ್ನೊಬ್ಬರು ಕಳೆದುಕೊಂಡ ನೆಲವಾಗಿತ್ತು. 1975ರಲ್ಲಿ ಸೈನಿಕ ಸರ್ಕಾರ ಭೂಮಿಯನ್ನೆಲ್ಲ ರಾಷ್ಟ್ರೀಕರಿಸಿದಾಗ ರಾಸ್ತಾಗಳ ಪಾಲೂ ಬಹುತೇಕ ಹೋಯಿತು. ರಾಜನಿಲ್ಲದ ಮೇಲೂ ಕೆಲವರು ಅಲ್ಲೇ ಉಳಿದರು, ದಶಕಗಟ್ಟಲೆ ಪೌರತ್ವದ ಕಾಗದವಿಲ್ಲದೆ ಮಕ್ಕಳನ್ನು ಬೆಳೆಸಿದರು. ಇಥಿಯೋಪಿಯಾ ಸರ್ಕಾರ ಅವರಿಗೆ ಗುರುತಿನ ಚೀಟಿ ಕೊಡುವುದಾಗಿ ಹೇಳಿದ್ದು 2017ರಲ್ಲಿ. ರಸ್ತಫಾರಿಯ ರಾಜತ್ವದ ಬಗ್ಗೆ ಬರೆಯುವವರು ಇನ್ನು ಮುಂದೆ ಪಟ್ಟಾಭಿಷೇಕದ ಚಿತ್ರಗಳಷ್ಟೇ ಗಮನವನ್ನು ಶಾಶಮನೆಯ ಈ ಮನೆಗಳಿಗೆ, ಅವುಗಳ ಬೇಲಿಯಾಚೆಗಿನ ಒರೋಮೊ ರೈತರಿಗೆ ಕೊಡಬೇಕು.