ಹೊಸ ಜೀವಜಾತಿಯ ನಿರೂಪಣೆಯೂ ಲಕ್ಷಣವಿಚಾರವೂ

ಪ್ರಾಣಿಶಾಸ್ತ್ರಜ್ಞರು ಹೊಸದಾಗಿ ಕಂಡ ಜೀವಜಾತಿಗೆ ಹೆಸರಿಟ್ಟು ಅದರ ರೂಪವನ್ನು ನಿರೂಪಿಸುವ ಬರವಣಿಗೆಯನ್ನು ಸಾಹಿತ್ಯದ ಉಪಾಧ್ಯಾಯರು ಸಾಮಾನ್ಯವಾಗಿ ಓದುವುದಿಲ್ಲ. ಅದರಲ್ಲಿ ರಸವಿಲ್ಲ, ಅಲಂಕಾರವಿಲ್ಲ ಎಂಬುದು ನಿಜವೇ. ಆದರೆ ಅದು ಶುದ್ಧವಾದ ಲಕ್ಷಣವಾಕ್ಯ. ಲಕ್ಷಣವನ್ನು ಪರೀಕ್ಷಿಸುವ ವಿದ್ಯೆಯಾದರೋ ನಮ್ಮ ಪಾಠಶಾಲೆಗಳಲ್ಲಿ ಬಹುಕಾಲದಿಂದ ನಡೆದುಬಂದುದು. ಆದುದರಿಂದ ತರ್ಕಸಂಗ್ರಹವನ್ನು ಪಾಠ ಹೇಳುವವನೊಬ್ಬನು ಈ ಬರವಣಿಗೆಯ ಗುಣದೋಷಗಳನ್ನು ವಿಮರ್ಶಿಸಿದರೆ ಅದು ಅನಧಿಕಾರಚೇಷ್ಟೆಯಾಗದೆಂದು ನಂಬಿದ್ದೇನೆ.

ಲಕ್ಷಣಕ್ಕೆ ಮೂರು ದೋಷಗಳುಂಟೆಂಬುದು ವಿದಿತವೇ ಆಗಿದೆ. ಗೋವನ್ನು ಕಪಿಲವರ್ಣದ ಪ್ರಾಣಿಯೆಂದರೆ ಬಿಳಿಯ ಹಸು ಹೊರಗುಳಿಯುವುದು, ಇದು ಅವ್ಯಾಪ್ತಿ. ಕೊಂಬುಳ್ಳುದೆಂದರೆ ಎಮ್ಮೆಯೂ ಒಳಗೆ ಬರುವುದು, ಇದು ಅತಿವ್ಯಾಪ್ತಿ. ಒಂಟಿಗೊರಸಿನದೆಂದರೆ ಯಾವ ಹಸುವಿಗೂ ಸಲ್ಲದು, ಇದು ಅಸಂಭವ. ಪ್ರಾಣಿಯನ್ನು ಕಣ್ಣೆದುರಿಗಿಟ್ಟುಕೊಂಡು ಬರೆಯುವವರಲ್ಲಿ ಅಸಂಭವವು ವಿರಳ. ಉಳಿದೆರಡನ್ನು ವಿಚಾರಿಸೋಣ.

ಅವ್ಯಾಪ್ತಿಗೆ ಹೊಳೆತೊರೆಗಳ ಒಂದು ಕೀಟವರ್ಗವನ್ನು ನಿದರ್ಶನವಾಗಿ ಕೊಡಬಹುದು. ಇಂಗ್ಲೀಷಿನವರು ಕ್ಯಾಡಿಸ್ ಫ್ಲೈ ಎನ್ನುವ ಇವಕ್ಕೆ ಶಾಸ್ತ್ರದಲ್ಲಿ ಟ್ರೈಕಾಪ್ಟೆರಾ ಎಂದು ಹೆಸರು. ಗ್ರೀಕ್ ಭಾಷೆಯ ರೋಮವಾಚಕ, ಪಕ್ಷವಾಚಕ ಪದಗಳು ಸೇರಿ ಆದ ಬಹುವ್ರೀಹಿ ಇದು, ನಾವು ‘ರೋಮಪಕ್ಷ’ವೆನ್ನಬಹುದು. ಇದರ ಮರಿಹುಳು ನೀರಿನಲ್ಲಿರುತ್ತದೆ. ಬಾಯಿಂದ ಹೊರಡುವ ರೇಷ್ಮೆಯ ಎಳೆಯಿಂದ ಮರಳನ್ನೋ ಎಲೆಯ ಚೂರನ್ನೋ ಕಡ್ಡಿಯನ್ನೋ ಹೊಂದಿಸಿ, ಮೈಗೆ ತಕ್ಕ ಕೊಳವೆಯಂತಹ ಮನೆಯನ್ನು ಕಟ್ಟಿಕೊಂಡು, ಅದನ್ನು ಹೊತ್ತೇ ನಡೆಯುವ ಹುಳುಗಳು ಹಲವು. ಮನೆಗೆ ಬದಲಾಗಿ ಬಲೆಯನ್ನು ಹೆಣೆದು ಹರಿವ ನೀರಿನಿಂದ ಆಹಾರವನ್ನು ಹಿಡಿಯುವವು ಮತ್ತೆ ಕೆಲವು. ಆದರೆ ಶಾಸ್ತ್ರಜ್ಞರು ಜಾತಿಭೇದವನ್ನು ಹೇಳುವುದು ಬಹುಮಟ್ಟಿಗೆ ರೆಕ್ಕೆ ಬಂದ ಗಂಡಿನ ಜನನಾಂಗಗಳ ರಚನೆಯಿಂದ. ಈ ಲಕ್ಷಣವು ಸೂಕ್ಷ್ಮ, ಅಸಂದಿಗ್ಧ, ಒಪ್ಪತಕ್ಕುದೇ. ಆದರೂ ಅದೇ ಜಾತಿಯ ಹೆಣ್ಣನ್ನೂ ಹುಳುವನ್ನೂ ಅದು ಮುಟ್ಟುವುದಿಲ್ಲ. ಗೂಡು ಕಟ್ಟುವ ಹುಳುವನ್ನು ಕಲ್ಲಿನಡಿಯಿಂದ ಎತ್ತಿದವನು ಅದರ ಜಾತಿಯನ್ನು ಆ ವಾಕ್ಯದಿಂದ ಅರಿಯಲಾರನು. ಬದುಕಿನ ಬಹುಭಾಗವನ್ನು ಹುಳುವಾಗಿಯೇ ಕಳೆಯುವ ಜೀವಿಗೆ ಇದು ಸಣ್ಣ ಅವ್ಯಾಪ್ತಿಯಲ್ಲ. ನಿರೂಪಕನು ತಾನು ಯಾವ ಅವಸ್ಥೆಯನ್ನು ಕಂಡೆನು, ಯಾವುದನ್ನು ಕಾಣಲಿಲ್ಲ ಎಂಬುದನ್ನು ಸ್ಪಷ್ಟವಾಗಿ ಹೇಳಿದರೆ ದೋಷವು ಪರಿಹಾರವಾಗದಿದ್ದರೂ ಪ್ರಾಮಾಣಿಕತೆಯು ಉಳಿಯುವುದು.

ಅತಿವ್ಯಾಪ್ತಿಯ ವಿಚಾರವು ಇನ್ನೂ ಗಹನವಾದುದು. ಅದಕ್ಕೆ ಇಂತಹ ನೀರಿನ ನೆಲೆಯನ್ನೇ ನಂಬಿದ ಕೊಡಗಿನ ಒಂದು ಕಪ್ಪೆಯ ಚರಿತ್ರೆಯೇ ಉತ್ತಮ ನಿದರ್ಶನ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಪ್ರಾಧ್ಯಾಪಕರಾಗಿದ್ದ, ಮುಂದೆ ೧೯೩೨ರಲ್ಲಿ ‘ಕರೆಂಟ್ ಸೈನ್ಸ್’ ಪತ್ರಿಕೆಯ ಮೊದಲ ಸಂಪಾದಕರಾದ ಸಿ. ಆರ್. ನಾರಾಯಣರಾಯರು ೧೯೨೦ರಲ್ಲಿ ಮುಂಬಯಿಯ ಪ್ರಕೃತಿಚರಿತ್ರ ಸಂಘದ ಪತ್ರಿಕೆಯಲ್ಲಿ ಈ ಕಪ್ಪೆಯನ್ನು ನಿರೂಪಿಸಿ, ನಿಕ್ಟಿಬಟ್ರಾಕಸ್ ಸಾಂಕ್ಟಿಪಲುಸ್ಟ್ರಿಸ್ ಎಂದು ಹೆಸರಿಟ್ಟರು. ಮೊದಲ ಪದಕ್ಕೆ ರಾತ್ರಿಯ ಕಪ್ಪೆಯೆಂದರ್ಥ. ಎರಡನೆಯದು ಲ್ಯಾಟಿನ್, ಪುಣ್ಯವಾದ ಜೌಗಿಗೆ ಸೇರಿದುದು ಎಂದು ಅದರ ಅರ್ಥ. ಆ ಜೌಗು ಕಾವೇರಿಯದು. ಲ್ಯಾಟಿನ್ನಿನ ‘ಪಲುಸ್’ ನಮ್ಮ ‘ಪಲ್ವಲ’ಕ್ಕೆ ಸಗೋತ್ರವೆಂದು ಶಬ್ದಶಾಸ್ತ್ರಜ್ಞರು ಹೇಳುವುದುಂಟು, ಹಾಗಾದರೆ ‘ಪುಣ್ಯಪಲ್ವಲೀಯ’ವೆಂಬುದು ಭಾಷಾಂತರಕ್ಕಿಂತ ಹೆಚ್ಚಾಗಿ ಆ ಹೆಸರಿನ ಸೋದರಿಯೇ ಆಗುವುದು.

ಮರೆಯಾದ ಕರ್ಣಪಟಲ, ಬೆನ್ನಿನ ಚರ್ಮದ ಮಡಿಕೆಗಳು, ಗಂಡಿನ ತೊಡೆಯಲ್ಲಿರುವ ಗ್ರಂಥಿಗಳು ಇವು ರಾತ್ರಿಕಪ್ಪೆಗಳ ಗಣಕ್ಕೆಲ್ಲ ಸಾಮಾನ್ಯವಾದ ಚಿಹ್ನೆಗಳು. ಒಂದೊಂದು ಜಾತಿಗೆ ಇದಕ್ಕಿಂತ ಸೂಕ್ಷ್ಮವಾದ ವಿಶೇಷವನ್ನು ಹೇಳಬೇಕು. ೧೯೨೦ರಲ್ಲಿ ಈ ಗಣದಲ್ಲಿ ತಿಳಿದಿದ್ದ ಜಾತಿಗಳು ಕೆಲವೇ, ೨೦೧೧ರಲ್ಲಿ ಎಸ್. ಡಿ. ಬಿಜು ಮತ್ತು ಅವರ ಸಂಗಡಿಗರು ಒಂದೇ ಪ್ರಬಂಧದಲ್ಲಿ ಹನ್ನೆರಡು ಹೊಸ ಜಾತಿಗಳನ್ನು ಸೇರಿಸಿದರು. ಅಂದು ಕೆಲವೇ ಸಜಾತೀಯಗಳಿಂದ ಬೇರ್ಪಡಿಸಿದರೆ ಸಾಕಾಗಿದ್ದ ಲಕ್ಷಣವು ಇಂದು ಹಲವು ಸಜಾತೀಯಗಳಿಂದ ವ್ಯಾವರ್ತನೆಯನ್ನು ಮಾಡಬೇಕು. ವಾಕ್ಯದಲ್ಲಿ ಒಂದಕ್ಷರವೂ ಬದಲಾಗದೆ, ಬರೆದವನ ತಪ್ಪೂ ಇಲ್ಲದೆ, ನಿರ್ದುಷ್ಟವಾದ ಲಕ್ಷಣವು ಕಾಲಾಂತರದಲ್ಲಿ ಅತಿವ್ಯಾಪ್ತವಾಗಬಲ್ಲುದು. ಗೋವು, ಘಟ ಮೊದಲಾದ ನಿಶ್ಚಿತ ಪದಾರ್ಥಗಳನ್ನೇ ಹಿಡಿದು ಪಾಠ ಹೇಳುವ ನಾವು ಇದನ್ನು ಗಮನಿಸಿದಂತಿಲ್ಲ.

ಈ ಆಪತ್ತಿಗೆಂದೇ ಶಾಸ್ತ್ರಜ್ಞರು ನಿರೂಪಿಸಿದ ವ್ಯಕ್ತಿಯನ್ನೇ ಮೂಲಮಾದರಿಯೆಂದು ಕಾಪಾಡುತ್ತಾರೆ. ‘ಲಕ್ಷಣವು ಸಮರ್ಥವಾಗಿದ್ದರೆ ಸತ್ತ ಪ್ರಾಣಿಯನ್ನು ಸೀಸೆಯಲ್ಲಿಡುವುದೇಕೆ?’ ಎಂದು ಪೂರ್ವಪಕ್ಷ ಹುಟ್ಟಬಹುದು. ರಾಯರ ಮಾದರಿಗಳು ಕಳೆದುಹೋದುವೆಂಬುದೇ ಇದಕ್ಕೆ ಉತ್ತರ. ಸಂದೇಹ ಬಂದಾಗ ಎತ್ತಿ ನೋಡಲು ಲಕ್ಷ್ಯವಿರಲಿಲ್ಲ. ಉಳಿದುದು ವಾಕ್ಯ, ಹೆಸರು ಮತ್ತು ನೆಲೆಯ ನಿರ್ದೇಶ. ತೊಂಬತ್ತೊಂದು ವರ್ಷಗಳಾದ ಮೇಲೆ, ೨೦೧೧ರಲ್ಲಿ, ಅದೇ ಬಿಜು ಅವರ ತಂಡವು ಈ ಕಪ್ಪೆ ಮತ್ತೆ ಸಿಕ್ಕಿತೆಂದು ಪ್ರಕಟಿಸಿತು. ಮೂಲಮಾದರಿ ನಷ್ಟವಾದರೆ ಹೊಸದನ್ನು ಸಾಧ್ಯವಾದಮಟ್ಟಿಗೆ ಮೊದಲಿನ ನೆಲೆಯ ಸಮೀಪದಿಂದಲೇ ಆರಿಸಬೇಕೆಂಬುದು ನಾಮಕರಣದ ನಿಯಮವೂ ಆಗಿದೆ. ಆದಕಾರಣ ನಿರೂಪಣೆಯಲ್ಲಿ ಸ್ಥಳದ ಮಾತು ಉಪಚಾರದ ಮಾತಲ್ಲ. ಅದು ಲಕ್ಷಣದ ಆಧಾರ. ಹೆಸರಿನಲ್ಲಿಯೇ ಜೌಗನ್ನು ಇಟ್ಟ ರಾಯರ ವಿವೇಕವು ಶ್ಲಾಘ್ಯವಾದುದು. ೨೦೧೦ರಲ್ಲಿ ಪೊದೆಗಪ್ಪೆಗಳ ಒಂದು ಗಣಕ್ಕೆ ರಾಯರ ಹೆಸರನ್ನು ಸೇರಿಸಿ ರಾವೋರ್ಕೆಸ್ಟಿಸ್ ಎಂದು ಕರೆದುದು ಉಚಿತವಾದ ಋಣಸಂದಾಯ.

ಇಷ್ಟನ್ನೂ ನಮ್ಮವರೇ ಆದ ರಾಯರು ಇಂಗ್ಲೀಷಿನಲ್ಲಿ ಬರೆಯಬೇಕಾಯಿತು. ಲೋಕದ ವಿದ್ವಾಂಸರು ಓದಬೇಕಾದುದರಿಂದ ಅದು ಅನಿವಾರ್ಯ. ಆದರೆ ಕನ್ನಡದಲ್ಲಿ ಅಂತಹ ವಾಕ್ಯವನ್ನು ಬರೆಯುವ ಅಭ್ಯಾಸವೇ ಇಲ್ಲದಿರುವುದು ಅನಿವಾರ್ಯವಲ್ಲ. ನಮ್ಮ ವಿದ್ಯಾರ್ಥಿಗಳು ಮಳೆಗಾಲದ ವರ್ಣನೆಯಲ್ಲಿ ‘ಕಪ್ಪೆಗಳು ವಟಗುಟ್ಟಿದುವು’ ಎಂದು ಬರೆದು ತೃಪ್ತರಾಗುತ್ತಾರೆ; ಯಾವ ಕಪ್ಪೆ, ಎಲ್ಲಿ, ಹೇಗೆ ಎಂದು ಕೇಳಿದರೆ ಉತ್ತರವಿಲ್ಲ. ಊರ ತೊರೆಯ ಒಂದು ಹುಳುವನ್ನು ಅವರಿಂದ ಹತ್ತು ವಾಕ್ಯಗಳಲ್ಲಿ ನಿರೂಪಿಸಿಸಿ, ಮೂರು ದೋಷಗಳನ್ನು ಹಿಡಿದು ತಿದ್ದಿದರೆ, ತರ್ಕದ ಪಾಠವೂ ಗದ್ಯದ ಪಾಠವೂ ಒಮ್ಮೆಗೇ ಆಗುವುವು.

ಆದರೆ ತೊರೆಯು ಇರಬೇಕು. ನೀರು ಕೆಟ್ಟಲ್ಲಿ ರೋಮಪಕ್ಷಗಳಲ್ಲಿ ಬಹುಮಂದಿ ಬಾಳಲಾರವು. ಅವುಗಳ ಇರವಿನಿಂದಲೇ ನೀರಿನ ನೈರ್ಮಲ್ಯವನ್ನು ಶಾಸ್ತ್ರಜ್ಞರು ಅಳೆಯುತ್ತಾರೆ. ಕಳೆದುಹೋದ ಮಾದರಿಗೆ ಬದಲನ್ನು ಜೌಗಿನಿಂದ ತರಬಹುದು. ಜೌಗೇ ಬತ್ತಿದರೆ ರಾಯರ ವಾಕ್ಯಕ್ಕೆ ಲಕ್ಷ್ಯವೇ ಇಲ್ಲವಾಗಿ, ಅವರು ಮಾಡದ ಅಸಂಭವದೋಷವು ಅದಕ್ಕೆ ತಗಲುವುದು. ವಿದ್ವಾಂಸರು ಈ ವಿಷಯವನ್ನು ಪರ್ಯಾಲೋಚಿಸಬೇಕೆಂದು ನನ್ನ ಪ್ರಾರ್ಥನೆ.