ಸೋರುವುದು ಅಡುಗೆಮನೆಯಲ್ಲಲ್ಲ

ಬೆಲೆ ಏರಿಕೆಯ ಮಾತು ಬಂದಾಗಲೆಲ್ಲ ಪತ್ರಿಕೆಗಳ ಮಹಿಳಾ ಪುಟದಲ್ಲಿ ಒಂದು ಬರಹ ತಪ್ಪದೆ ಕಾಣಿಸಿಕೊಳ್ಳುತ್ತದೆ. ಗೃಹಿಣಿ ಮನಸ್ಸು ಮಾಡಿದರೆ ತಿಂಗಳಿಗೆ ಎಷ್ಟು ಉಳಿಸಬಹುದು ಎಂಬುದು ಅದರ ಸಾರ. ಮಿಕ್ಕ ಅನ್ನಕ್ಕೆ ಚಿತ್ರಾನ್ನ, ಮಿಕ್ಕ ಚಪಾತಿಗೆ ಒಗ್ಗರಣೆ, ಹೀರೆಕಾಯಿ ಸಿಪ್ಪೆಗೆ ಚಟ್ನಿ, ಸೊಪ್ಪು ಬೇಯಿಸಿದ ನೀರಿಗೆ ಬಸ್ಸಾರು. ಸಲಹೆಗಳು ಒಳ್ಳೆಯವೇ, ರುಚಿಯೂ ಹೌದು. ನನ್ನ ತಕರಾರು ಅವುಗಳ ಬೆನ್ನಿಗಿರುವ ನಂಬಿಕೆಯ ಮೇಲೆ. ಸಂಸಾರದ ದುಡ್ಡು ಸೋರುವುದು ಅಡುಗೆಮನೆಯಲ್ಲಿ, ಆ ಸೋರಿಕೆಯನ್ನು ತಡೆಯಬೇಕಾದವಳು ಹೆಂಗಸು ಎಂಬ ನಂಬಿಕೆ ಅದು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಗಾದೆಯನ್ನು ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಸಲ ಕೇಳಿಸಿಕೊಳ್ಳುವವಳೂ ಅವಳೇ. ಈ ನಂಬಿಕೆ ಲೆಕ್ಕದಲ್ಲೂ ತಪ್ಪು, ನ್ಯಾಯದಲ್ಲೂ ತಪ್ಪು.

ಮೊದಲು ಲೆಕ್ಕವನ್ನೇ ನೋಡೋಣ. ಕೇಂದ್ರ ಸರ್ಕಾರ 2022-23ರಲ್ಲಿ ನಡೆಸಿದ ಮನೆಬಳಕೆ ವೆಚ್ಚದ ಸಮೀಕ್ಷೆಯ ಪ್ರಕಾರ ನಗರದಲ್ಲಿ ಒಬ್ಬರ ಸರಾಸರಿ ತಿಂಗಳ ಖರ್ಚು 6,459 ರೂಪಾಯಿ. ಅಕ್ಕಿ, ಗೋಧಿ, ರಾಗಿ, ಜೋಳ ಎಲ್ಲ ಸೇರಿ ಧಾನ್ಯಕ್ಕೆ ಹೋಗುವುದು ಅದರಲ್ಲಿ ಶೇ. 3.64 ಮಾತ್ರ. ನಾಲ್ಕು ಜನರ ಮನೆಯೆಂದರೆ ಒಟ್ಟು ಖರ್ಚು 25,836 ರೂಪಾಯಿ, ಧಾನ್ಯದ ಪಾಲು ಸುಮಾರು 940. ಹತ್ತರಲ್ಲಿ ಒಂದು ಪಾಲು ಹಳಸಿ ಹೋಯಿತು ಎಂದೇ ಇಟ್ಟುಕೊಳ್ಳಿ, ನಷ್ಟ 94 ರೂಪಾಯಿ. ಅದೇ ಮನೆ ಓಡಾಟಕ್ಕೆ 2,200 ರೂಪಾಯಿ ಮೀರಿ ಖರ್ಚು ಮಾಡುತ್ತದೆ. ಪಾನೀಯ, ಕುರುಕಲು, ಹೊರಗಿನ ತಿಂಡಿ, ಸಿದ್ಧ ಆಹಾರಗಳಿಗೆ 2,700 ರೂಪಾಯಿಗೂ ಹೆಚ್ಚು. ಪೊಟ್ಟಣದಲ್ಲೂ ಲೋಟದಲ್ಲೂ ಹೋಗುವ ಈ ದುಡ್ಡು ಧಾನ್ಯದ ದುಡ್ಡಿನ ಸುಮಾರು ಮೂರು ಪಟ್ಟಿನಷ್ಟಿದೆ. ಆದರೂ ಮನೆಯಲ್ಲಿ ಮಾತು ಬೀಳುವುದು ಸಿಂಕಿನ ಪಕ್ಕದ ಪಾತ್ರೆಯಲ್ಲಿ ಉಳಿದ ಎರಡು ಹಿಡಿ ಅನ್ನದ ಮೇಲೆ.

ಹಿಂದೆ ಹೀಗಿರಲಿಲ್ಲ ಎಂಬುದು ನಿಜ. 1999-2000ರಲ್ಲಿ ಹಳ್ಳಿಯ ಮನೆಗಳ ಖರ್ಚಿನಲ್ಲಿ ಧಾನ್ಯದ ಪಾಲು ಶೇ. 22ರಷ್ಟಿತ್ತು, ಪೇಟೆಯಲ್ಲಿ ಶೇ. 12ರಷ್ಟು. ಆಗ ಸೇರು, ಪಾವು ಅಳೆದು ಅಕ್ಕಿ ಹಾಕುವ ಕೈಯಲ್ಲಿ ನಿಜವಾಗಿಯೂ ಮನೆಯ ಹಣಕಾಸು ಇತ್ತು. ಇವತ್ತು ಹಳ್ಳಿಯಲ್ಲೂ ಆ ಪಾಲು ಶೇ. 5ರ ಒಳಗೆ ಇಳಿದಿದೆ. ಪಡಿತರದ ಅಕ್ಕಿ ಇದಕ್ಕೆ ಒಂದು ಕಾರಣ, ಬದಲಾದ ಊಟ ಇನ್ನೊಂದು. ಖರ್ಚು ಅಡುಗೆಮನೆಯಿಂದ ಎದ್ದು ಪೆಟ್ರೋಲ್ ಬಂಕಿಗೆ, ಶಾಲೆಯ ಶುಲ್ಕಕ್ಕೆ, ಮೊಬೈಲಿಗೆ, ಬೇಕರಿಗೆ, ಮನೆಬಾಗಿಲಿಗೆ ಊಟ ತರುವ ಆ್ಯಪುಗಳಿಗೆ ಹೋಗಿದೆ. ಉಪದೇಶ ಮಾತ್ರ ಒಲೆಯ ಮುಂದಿನಿಂದ ಕದಲಿಲ್ಲ.

ಆಹಾರಕ್ಕೇ ನಗರದಲ್ಲಿ ಶೇ. 39, ಹಳ್ಳಿಯಲ್ಲಿ ಶೇ. 46 ಖರ್ಚಾಗುತ್ತದಲ್ಲ ಎಂದು ಯಾರಾದರೂ ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಆದರೆ ಅದನ್ನು ಬಿಡಿಸಿ ನೋಡಿದರೆ ಎಲ್ಲಕ್ಕಿಂತ ದೊಡ್ಡ ಪಾಲು ಮೇಲೆ ಹೇಳಿದ ಪಾನೀಯ ಮತ್ತು ಸಿದ್ಧ ಆಹಾರದ್ದು. ಆಫೀಸಿನ ಎದುರಿನ ಟೀ, ಸಂಜೆಯ ಪಾನಿಪುರಿ, ಮಕ್ಕಳ ಚಿಪ್ಸ್, ಭಾನುವಾರದ ಹೋಟೆಲ್ ಎಲ್ಲ ಇದರಲ್ಲೇ ಬರುತ್ತವೆ. ಇದರಲ್ಲಿ ಎಷ್ಟು ಪಾಲನ್ನು ಅಡುಗೆ ಮಾಡುವವಳು ನಿರ್ಧರಿಸುತ್ತಾಳೆ? ತರಕಾರಿಯಂತೂ ನಗರದ ಖರ್ಚಿನ ಶೇ. 4ರ ಆಸುಪಾಸು. ಕಟ್ಟಿಗೆ ಐದು ರೂಪಾಯಿ ಕಡಿಮೆ ಮಾಡಿ ಎಂದು ಸೊಪ್ಪಿನವಳ ಹತ್ತಿರ ಚೌಕಾಸಿ ಮಾಡಿ ಗೆದ್ದರೆ ಆ ಐದು ರೂಪಾಯಿ ನಮಗಿಂತ ಬಡವರ ಜೇಬಿನಿಂದ ಬಂದದ್ದು. ಅದನ್ನು ಮಿತವ್ಯಯ ಎಂದು ಹೊಗಳಲು ನನಗೆ ಮನಸ್ಸಿಲ್ಲ.

ಇನ್ನು ಈ ಸಮೀಕ್ಷೆಯಲ್ಲಿ ಬಾರದ ದೊಡ್ಡ ಬಾಬತ್ತು ಒಂದಿದೆ, ಸಾಲದ ಕಂತು. ಬಳಕೆಯ ಖರ್ಚಿನಲ್ಲಿ ಕಂತನ್ನು ಎಣಿಸುವುದಿಲ್ಲ. ದೇಶದ ಕುಟುಂಬಗಳ ನಿವ್ವಳ ಹಣಕಾಸು ಉಳಿತಾಯ 2022-23ರಲ್ಲಿ ಜಿಡಿಪಿಯ ಶೇ. 5ರ ಆಸುಪಾಸಿಗೆ ಕುಸಿಯಿತು. ಅದು ಸುಮಾರು ಐದು ದಶಕಗಳಲ್ಲೇ ತೀರಾ ಕಡಿಮೆ. ಅದೇ ವರ್ಷ ಕುಟುಂಬಗಳ ಮೇಲಿನ ಹೊಸ ಸಾಲದ ಹೊರೆ ಜೋರಾಗಿ ಏರಿತ್ತು. ದೇಶದ ಹೆಂಗಸರೆಲ್ಲ ಆ ಒಂದು ವರ್ಷದಲ್ಲಿ ಒಮ್ಮೆಲೇ ದುಂದುಗಾರರಾದರೇ? ಉಳಿತಾಯ ಕರಗಿದ್ದು ಎಲ್ಲಿ ಎಂಬುದನ್ನು ಅನ್ನದ ಪಾತ್ರೆಯಲ್ಲಿ ಹುಡುಕಿದರೆ ಸಿಗುವುದಿಲ್ಲ.

ಪರಿಚಯದವರ ಮನೆಯೊಂದರಲ್ಲಿ ಲೆಕ್ಕದ ಪುಸ್ತಕವನ್ನು ನೋಡುವ ಅವಕಾಶ ನನಗೆ ಸಿಕ್ಕಿತ್ತು. ಮಕ್ಕಳ ಹಳೆಯ ನೋಟುಬುಕ್ಕು, ಹಿಂದಿನ ಖಾಲಿ ಹಾಳೆಗಳಲ್ಲಿ ಲೆಕ್ಕ. ಹಾಲು, ಕೊತ್ತಂಬರಿ ಸೊಪ್ಪು, ಕಾಲು ಕೆಜಿ ಹುರುಳಿಕಾಯಿ, ಇಸ್ತ್ರಿಯವನಿಗೆ, ದೇವರ ಹೂವು, ಬಲ್ಬು. ಒಂದೊಂದು ಸಾಲೂ ನೇರ, ಪ್ರತಿ ಪುಟದ ಕೆಳಗೆ ಮೊತ್ತ, ಮೊತ್ತದ ಕೆಳಗೆ ಎರಡು ಗೆರೆ. ಹುಣಸೆಹಣ್ಣು ವರ್ಷಕ್ಕಾಗುವಷ್ಟು ಕೊಂಡ ತಿಂಗಳು ಅದನ್ನು ಹನ್ನೆರಡು ತಿಂಗಳಿಗೆ ಭಾಗಿಸಿ ಪಕ್ಕದಲ್ಲಿ ಬರೆದಿಟ್ಟಿದ್ದರು. ಅಷ್ಟು ಶ್ರದ್ಧೆ. ಆ ಪುಸ್ತಕದಲ್ಲಿ ಕಾರಿನ ಕಂತು ಇರಲಿಲ್ಲ. ಪೆಟ್ರೋಲ್ ಇರಲಿಲ್ಲ, ಗೆಳೆಯರ ಚೀಟಿ ಇರಲಿಲ್ಲ, ಕ್ರೆಡಿಟ್ ಕಾರ್ಡಿನ ಬಡ್ಡಿ ಇರಲಿಲ್ಲ. ಅವು ಯಜಮಾನರ ಮೊಬೈಲಿನಲ್ಲಿದ್ದವು. ತಿಂಗಳ ಕೊನೆಯಲ್ಲಿ ದುಡ್ಡು ಸಾಲದೆ ಬಂದಾಗ ವಿಚಾರಣೆಗೆ ತೆರೆಯುತ್ತಿದ್ದುದು ಮಾತ್ರ ಆ ನೋಟುಬುಕ್ಕು. ಬರೆದದ್ದು ಕಣ್ಣಿಗೆ ಬೀಳುತ್ತದೆ, ಬರೆಯದ್ದು ಬೀಳುವುದಿಲ್ಲ. ಹಾಗಾಗಿ ಶಿಸ್ತಿನಿಂದ ಬರೆದವಳೇ ಉತ್ತರ ಕೊಡಬೇಕಾಗುತ್ತಿತ್ತು.

ಹೆಂಗಸರ ಉಳಿತಾಯದ ಶಕ್ತಿಯನ್ನು ನಾನು ಕಡೆಗಣಿಸುತ್ತಿಲ್ಲ. ಸಾಸಿವೆ ಡಬ್ಬಿಯ ದುಡ್ಡಿನಿಂದ ಆಸ್ಪತ್ರೆಯ ಖರ್ಚು ತೂಗಿಸಿದ, ಪರೀಕ್ಷಾ ಶುಲ್ಕ ಕಟ್ಟಿದ ಮನೆಗಳು ನಮ್ಮ ಸುತ್ತ ಎಷ್ಟೋ ಇವೆ. 2016ರ ನವೆಂಬರ್ 8ರ ರಾತ್ರಿ 500, 1,000 ರೂಪಾಯಿ ನೋಟುಗಳು ರದ್ದಾದಾಗ ಆ ಡಬ್ಬಿಗಳು ಬಯಲಿಗೆ ಬಿದ್ದವು. ಅದು ಅವರ ಆಪತ್ತಿನ ಗಂಟು. ಅದನ್ನು ಹೊರತೆಗೆದು ಬ್ಯಾಂಕಿನ ಸಾಲಿನಲ್ಲಿ ನಿಂತು ಗಂಡನ ಎದುರು ಎಣಿಸಬೇಕಾಯಿತು. ಕಷ್ಟಕಾಲಕ್ಕೆಂದು ಗುಟ್ಟಾಗಿ ಉಳಿಸಬಲ್ಲವಳಿಗೆ ಇನ್ನಷ್ಟು ಉಳಿಸು ಎಂದು ಪಾಠ ಹೇಳುವ ಅಗತ್ಯವಿದೆಯೇ? 2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಗೃಹಲಕ್ಷ್ಮಿ ಯೋಜನೆ ಶುರುವಾಗಿ ತಿಂಗಳಿಗೆ 2,000 ರೂಪಾಯಿ ಮನೆಯೊಡತಿಯ ಖಾತೆಗೆ ಬರತೊಡಗಿದಾಗ, ಯಾರು ಆ ದುಡ್ಡಿನಲ್ಲಿ ಏನು ಕೊಂಡರು ಎಂಬುದೇ ಸುದ್ದಿಯಾಯಿತು. ಫ್ರಿಜ್ ಕೊಂಡವಳೂ ಸುದ್ದಿ, ಊರಿಗೆ ಹೋಳಿಗೆ ಊಟ ಹಾಕಿಸಿದವಳೂ ಸುದ್ದಿ. ಗಂಡಸಿನ ಸಂಬಳದ ಬಗ್ಗೆ ಇಂಥ ಕುತೂಹಲ ನಮಗೆ ಎಂದೂ ಹುಟ್ಟಿಲ್ಲ.

ನ್ಯಾಯದ ಮಾತು ಇದಕ್ಕಿಂತ ಗಂಭೀರವಾದದ್ದು. ಅಡುಗೆಮನೆಯ ಮಿತವ್ಯಯಕ್ಕೂ ಬೆಲೆಯಿದೆ, ಅದನ್ನು ಕಟ್ಟುವುದು ದುಡ್ಡಿನಲ್ಲಲ್ಲ. ಹೀರೆಕಾಯಿ ಸಿಪ್ಪೆಯ ಚಟ್ನಿಗೆ ಸಿಪ್ಪೆ ಬಾಡಿಸಬೇಕು, ಹುರಿಯಬೇಕು, ರುಬ್ಬಬೇಕು, ಮಿಕ್ಸಿ ತೊಳೆಯಬೇಕು. ಹುಳಿ ದೋಸೆ ಹಿಟ್ಟಿಗೆ ಈರುಳ್ಳಿ ಹೆಚ್ಚಿ ಪಡ್ಡು ಮಾಡಬೇಕು. 2024ರ ಕಾಲಬಳಕೆ ಸಮೀಕ್ಷೆಯ ಪ್ರಕಾರ ಸಂಬಳವಿಲ್ಲದ ಮನೆಗೆಲಸಕ್ಕೆ ಹೆಂಗಸರು ದಿನಕ್ಕೆ 289 ನಿಮಿಷ ಕೊಡುತ್ತಾರೆ. ಆ ಕೆಲಸಕ್ಕೆ ಕೈಹಾಕುವ ಗಂಡಸರು ಕೊಡುವುದು 88 ನಿಮಿಷ. ಇಪ್ಪತ್ತು ರೂಪಾಯಿ ಉಳಿಸಲು ಮುಕ್ಕಾಲು ಗಂಟೆ ಕೇಳುವ ಸಲಹೆಯನ್ನು ಆ 289 ನಿಮಿಷದ ಮೇಲೆ ಹೇರುತ್ತೇವೆ, 88ರ ಮೇಲಲ್ಲ.

ಸಮಯಕ್ಕಿಂತ ಹೆಚ್ಚಾಗಿ ಬೆಲೆ ತೆರುವುದು ಅವಳ ದೇಹ. ರಾತ್ರಿ ಒಂಬತ್ತೂವರೆಗೆ ಮಗ ಫೋನು ಮಾಡಿ ನಾನು ಹೊರಗೇ ತಿಂದೆ ಎನ್ನುತ್ತಾನೆ. ಅವನ ಪಾಲಿನ ಅನ್ನ, ಹುಳಿ ಹಾಗೇ ಇದೆ. ಬೆಳಿಗ್ಗೆ ಎಲ್ಲರಿಗೂ ಬಿಸಿ ಉಪ್ಪಿಟ್ಟು, ಅವಳ ತಟ್ಟೆಗೆ ನೆನ್ನೆಯದು. ಯಾರೂ ಹೀಗೆ ಮಾಡು ಎಂದು ಹೇಳಿರುವುದಿಲ್ಲ. ಯಾರೂ ಬೇಡ ಎಂದೂ ಹೇಳುವುದಿಲ್ಲ. ತಂಗಳು ತಿಂದು ಅಭ್ಯಾಸವಾದವಳನ್ನು ನಾವು ಅಚ್ಚುಕಟ್ಟಿನ ಹೆಂಗಸು ಎಂದು ಕರೆಯುತ್ತೇವೆ. ಅನ್ನ ಬೆಂದ ಮೇಲೂ ಬೆಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಾಣುಗಳು ಸಾಯುವುದಿಲ್ಲ. ಪಾತ್ರೆಯಲ್ಲಿ ಹೊರಗೇ ಗಂಟೆಗಟ್ಟಲೆ ಬಿಟ್ಟರೆ ಅವು ಬೆಳೆದು ವಿಷ ಬಿಡಬಲ್ಲವು, ಆ ವಿಷ ಬೆಳಿಗ್ಗೆ ಬಿಸಿ ಮಾಡಿದರೂ ಹೋಗದು. ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಶೇ. 47.8ರಷ್ಟು ಮಂದಿಗೆ ರಕ್ತಹೀನತೆ ಇದೆ ಎಂದು ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳಿದೆ. ಅದಕ್ಕೆ ಕಾರಣಗಳು ಹಲವು. ಆದರೆ ಎಲ್ಲರಿಗೂ ಬಡಿಸಿ ಕೊನೆಗೆ ಕೂರುವವಳ ತಟ್ಟೆಗೆ ಪಲ್ಯ, ಕಾಳು, ಮೊಟ್ಟೆ ಎಷ್ಟು ಉಳಿದಿರುತ್ತದೆ ಎಂಬುದನ್ನು ಆ ಕಾರಣಗಳಿಂದ ಹೊರಗಿಡಲಾಗದು. ಹಾಳಾಗದೆ ಉಳಿದ ಅನ್ನವನ್ನು ಲಾಭದ ಕಡೆ ಬರೆದುಕೊಂಡು ಹದಗೆಟ್ಟ ಆರೋಗ್ಯವನ್ನು ಎಲ್ಲೂ ಬರೆಯದಿರುವುದು ಲೆಕ್ಕವಲ್ಲ.

ಅಜ್ಜಿಯ ಕಾಲದಲ್ಲಿ ಒಂದು ಅಗುಳೂ ಹಾಳಾಗುತ್ತಿರಲಿಲ್ಲ ಎನ್ನುವವರಿಗೆ ಒಂದು ಮಾತು. ಹಾಳಾಗುತ್ತಿರಲಿಲ್ಲ ಎಂಬುದು ಸರಿ, ಅದು ಅಜ್ಜಿಯೊಬ್ಬಳ ಬಿಗಿಯಿಂದಲ್ಲ. ಅಕ್ಕಿ ತೊಳೆದ ನೀರು, ತರಕಾರಿ ಸಿಪ್ಪೆ, ಮಿಕ್ಕ ಅನ್ನ ಎಲ್ಲ ಕಲಗಚ್ಚಿನ ಬಾನಿಗೆ ಬಿದ್ದು ಕೊಟ್ಟಿಗೆಗೆ ಹೋಗುತ್ತಿತ್ತು. ಸಗಣಿ ತಿಪ್ಪೆಗೆ, ತಿಪ್ಪೆಯ ಗೊಬ್ಬರ ಗದ್ದೆಗೆ. ಅದೊಂದು ಏರ್ಪಾಡು. ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಕೊಟ್ಟಿಗೆಯೂ ಇಲ್ಲ, ತಿಪ್ಪೆಯೂ ಇಲ್ಲ. ಏರ್ಪಾಡು ಹೋದ ಮೇಲೆ ಅದರ ಕೆಲಸವನ್ನೆಲ್ಲ ಒಬ್ಬ ಹೆಂಗಸಿನ ಹೊಟ್ಟೆಗೆ ಹೊರಿಸಿ, ಹಿಂದಿನವರಂತೆ ನೀನಿಲ್ಲ ಎನ್ನುವುದು ಕ್ರೌರ್ಯ.

ಹಾಗಾದರೆ ಅನ್ನ ಚೆಲ್ಲಿದರೆ ಪರವಾಗಿಲ್ಲವೇ? ಖಂಡಿತ ಹಾಗಲ್ಲ. ಭತ್ತ ಬೆಳೆಯಲು ಹೋದ ನೀರು, ನಾಟಿ ಮಾಡಿದವರ ಸೊಂಟ, ಕೊಳೆತ ಅನ್ನದಿಂದ ಕಸದ ಗುಡ್ಡೆಯಲ್ಲಿ ಹುಟ್ಟುವ ಮೀಥೇನ್, ಅಂಥ ಗುಡ್ಡೆಯ ಪಕ್ಕ ಬದುಕಬೇಕಾಗಿ ಬಂದ ಬೆಂಗಳೂರಿನ ಹೊರವಲಯದ ಮಂಡೂರು, ಮಾವಳ್ಳಿಪುರದಂಥ ಊರುಗಳು, ಇವೆಲ್ಲ ಆ ತಟ್ಟೆಯಲ್ಲಿವೆ. ಅನ್ನವನ್ನು ಗೌರವಿಸಬೇಕಾದದ್ದು ಇದಕ್ಕಾಗಿ, 94 ರೂಪಾಯಿಗಾಗಿ ಅಲ್ಲ. ಕಾರಣ ಬದಲಾದರೆ ಹೊಣೆ ಹೊರುವವರೂ ಬದಲಾಗುತ್ತಾರೆ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ 2024ರಲ್ಲಿ ಕೊಟ್ಟ ಅಂದಾಜು ಭಾರತದ ಮನೆಗಳಲ್ಲಿ ತಲೆಗೆ ವರ್ಷಕ್ಕೆ 55 ಕೆಜಿ ಆಹಾರ ವ್ಯರ್ಥವಾಗುತ್ತದೆ ಎನ್ನುತ್ತದೆ. ಈ ಅಂಕಿಯನ್ನು ಹಿಡಿದು ಗೃಹಿಣಿಯರನ್ನು ಬೈಯುವವರು ಗಮನಿಸದ ಎರಡು ಸಂಗತಿಗಳಿವೆ. ಬಾಳೆಹಣ್ಣಿನ ಸಿಪ್ಪೆ, ಮಾವಿನ ಓಟೆ, ಮೊಟ್ಟೆಯ ಚಿಪ್ಪಿನಂಥ ತಿನ್ನಲಾಗದ ಭಾಗವೂ ಆ 55 ಕೆಜಿಯಲ್ಲಿ ಸೇರಿದೆ. ಮತ್ತು ಜಗತ್ತಿನ ಸರಾಸರಿ 79 ಕೆಜಿ.

ಮದುವೆ ಮನೆಗಳ ಕಡೆಗೂ ಒಮ್ಮೆ ನೋಡಬೇಕು. ದಶಕಕ್ಕೂ ಹಿಂದೆ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ತಂಡ ನಗರದ ಕಲ್ಯಾಣ ಮಂಟಪಗಳಲ್ಲಿ ಅಧ್ಯಯನ ನಡೆಸಿ ವರ್ಷಕ್ಕೆ 943 ಟನ್ ಒಳ್ಳೆಯ ಆಹಾರ ಅಲ್ಲಿ ವ್ಯರ್ಥವಾಗುತ್ತದೆ ಎಂದು ಅಂದಾಜಿಸಿತ್ತು. ಎಲೆಯ ತುಂಬ ಬಗೆಬಗೆ, ಅರ್ಧ ತಿಂದ ಹೋಳಿಗೆ, ಮುಟ್ಟದ ಪಲಾವ್. ಎಷ್ಟು ಬಗೆ ಇರಬೇಕು, ಎಷ್ಟು ಜನರನ್ನು ಕರೆಯಬೇಕು ಎಂದು ತೀರ್ಮಾನಿಸುವುದು ಮನೆತನದ ಮರ್ಯಾದೆಯ ಹೆಸರಿನಲ್ಲಿ ಕೂರುವ ಹಿರಿಯರು. ಅಂಥ ಒಂದು ಊಟಕ್ಕೆ ತೆಗೆದ ಸಾಲ ವರ್ಷಗಟ್ಟಲೆ ಮನೆಯ ಅಡುಗೆಯನ್ನು ಬಿಗಿಹಿಡಿಯುತ್ತದೆ. ಬಿಗಿ ಮಾಡಬೇಕಾದವಳು ಮತ್ತೆ ಅವಳೇ.

ಬದಲಾಯಿಸಬೇಕಾದದ್ದು ಬಹಳ ಇಲ್ಲ. ಸಂಜೆ ಆರರೊಳಗೆ ಊಟಕ್ಕೆ ಇರುತ್ತೇನೋ ಇಲ್ಲವೋ ಎಂದು ಪ್ರತಿಯೊಬ್ಬರೂ ತಿಳಿಸಿದರೆ ಮಿಗುವ ಅನ್ನ ತಾನಾಗಿ ತಗ್ಗುತ್ತದೆ. ಇದಕ್ಕೆ ಯಾವ ಹೊಸರುಚಿಯೂ ಬೇಡ. ಮಿಕ್ಕದ್ದನ್ನು ಆರಿದ ಕೂಡಲೇ ಫ್ರಿಜ್ಜಿಗಿಟ್ಟು ಮರುದಿನ ಮನೆಮಂದಿಯೆಲ್ಲ ಹಂಚಿಕೊಂಡು ತಿನ್ನಬೇಕು, ಹಿರಿಯ ಮಗನೂ ಮನೆಯ ಯಜಮಾನನೂ ಸೇರಿ. ಅಂಗಡಿಯ ಎರಡು ಕೊಂಡರೆ ಒಂದು ಉಚಿತಕ್ಕೆ ಕೈಚಾಚುವ ಮುಂಚೆ ಪೊಟ್ಟಣದ ಮೇಲೆ ಗ್ರಾಮಿಗೆ ಎಷ್ಟು ಎಂದು ಮುದ್ರಿಸಿರುವ ಬೆಲೆಯನ್ನು ನೋಡಬೇಕು. ಇವೆಲ್ಲಕ್ಕಿಂತ ಮುಖ್ಯವಾಗಿ, ಮನೆಗೆ ಒಂದೇ ಲೆಕ್ಕದ ಪುಸ್ತಕವಿರಬೇಕು. ಕಂತು, ಪೆಟ್ರೋಲ್, ಸಿಗರೇಟು, ಕ್ರಿಕೆಟ್ ನೋಡುವ ಚಂದಾ, ಗೆಳೆಯರೊಂದಿಗಿನ ಊಟ ಎಲ್ಲವೂ ಕೊತ್ತಂಬರಿ ಸೊಪ್ಪಿನ ಪಕ್ಕದಲ್ಲೇ ಬರಬೇಕು, ಅವರವರ ಕೈಬರಹದಲ್ಲಿ.

ಇದನ್ನು ಓದುತ್ತಿರುವ ಗಂಡಸರಲ್ಲಿ ನನ್ನ ವಿನಂತಿ ಇಷ್ಟು. ಮುಂದಿನ ಸಂಬಳದ ದಿನ ಆ ಪುಸ್ತಕವನ್ನು ನೀವಾಗಿ ಕೇಳಿ ಪಡೆಯಿರಿ. ಮೊದಲ ಪುಟದಲ್ಲಿ ನಿಮ್ಮ ಹೆಸರಿನ ಸಾಲಗಳನ್ನೆಲ್ಲ ಬರೆಯಿರಿ, ಆಮೇಲೆ ಹೋದ ತಿಂಗಳ ನಿಮ್ಮ ಖರ್ಚುಗಳನ್ನು. ಬರೆದು ಮುಗಿಯುವವರೆಗೆ ಅಡುಗೆಮನೆಯ ಖರ್ಚಿನ ಬಗ್ಗೆ ಒಂದು ಮಾತೂ ಆಡಬೇಡಿ.