ಕಡುಗುಲಾಬಿ ಕಲೆಯ ಲೆಕ್ಕ
ಆಡೂರು, ಹಾನಗಲ್ಲಿನ ಕಡೆ ಡಯಾಲಿಸಿಸ್ ಎಂಬ ಮಾತು ಈಗ ಯಾರಿಗೂ ಹೊಸದಲ್ಲ. ಆ ಹಂತವನ್ನು ಮುಂದೂಡುವ ಮಾತ್ರೆಗಳ ಹಿಂದೆ ಇಲಿಯ ಕಿಡ್ನಿಯನ್ನು ತಾಳ್ಮೆಯಿಂದ ನೋಡಿದ ಕಣ್ಣುಗಳಿವೆ. ಆ ಕೆಲಸದ ಮೇಲೆ ನನಗೆ ಅಪಾರ ಗೌರವ.

ಮೇಣದಲ್ಲಿ ಹುದುಗಿಸಿದ ಕಿಡ್ನಿಯ ತುಂಡನ್ನು ಮೈಕ್ರೋಟೋಮಿನಲ್ಲಿ ಎರಡು-ಮೂರು ಮೈಕ್ರಾನಿನಷ್ಟು ತೆಳುವಾಗಿ ಕೊಯ್ದು, ಬಿಸಿನೀರಿನ ಮೇಲೆ ತೇಲಿಬಿಟ್ಟು ಗಾಜಿಗೆ ಹತ್ತಿಸುತ್ತಾರೆ. ಪಿಎಎಸ್ ಬಣ್ಣ ಹಾಕಿದರೆ, ರಕ್ತ ಸೋಸುವ ಗ್ಲೊಮೆರುಲಸ್‌ನಲ್ಲಿ ಗಟ್ಟಿಯಾದ ಜಾಗ, ಅಂದರೆ ಕಲೆ, ಕಡುಗುಲಾಬಿಯಾಗಿ ಎದ್ದು ಕಾಣುತ್ತದೆ. ಆರೋಗ್ಯವಾಗಿದ್ದರೆ ರಕ್ತನಾಳದ ಸುರುಳಿಗಳು ಬಾಯಿ ತೆರೆದಿರುತ್ತವೆ, ಕೆಟ್ಟಿದ್ದರೆ ಮುಚ್ಚಿಹೋಗಿರುತ್ತವೆ.

ಬಳಕೆಯಲ್ಲಿರುವ ಲೆಕ್ಕ ಸರಳ: ಕಲೆಯಿಲ್ಲದ ಗ್ಲೊಮೆರುಲಸ್‌ಗೆ 0, ಕಾಲುಭಾಗದೊಳಗಿದ್ದರೆ 1, ಅರ್ಧದವರೆಗೆ 2, ಮುಕ್ಕಾಲಿನವರೆಗೆ 3, ಅದಕ್ಕೂ ಮೀರಿದರೆ 4. ಒಂದೊಂದು ಇಲಿಗೂ 50ರಿಂದ 100 ಗ್ಲೊಮೆರುಲಸ್ ನೋಡಿ ಸರಾಸರಿ ತೆಗೆಯಬೇಕು. ಯಾವ ಇಲಿಗೆ ಮದ್ದು ಕೊಟ್ಟಿದೆಯೆಂದು ನೋಡುವವರಿಗೆ ಗೊತ್ತಿರಕೂಡದು. ನಿಜವಾದ ಪರಿಣತಿ ಬೇಕಾಗುವುದು ಜಾಗ ಆರಿಸುವಲ್ಲಿ. ಒಳಗಿನ ಮಜ್ಜೆಗೆ ಹತ್ತಿರದವು ಸಾಮಾನ್ಯವಾಗಿ ಮೊದಲು ಕೆಡುತ್ತವೆ; ಹೊರ ಅಂಚನ್ನಷ್ಟೇ ನೋಡಿದರೆ ರೋಗವೇ ಕಡಿಮೆಯೆನಿಸೀತು. ಹಾಗಾಗಿ ಬಲ್ಲವರು ಅಂಚಿನಿಂದ ಒಳಗಿನವರೆಗೂ ಒಂದನ್ನೂ ಬಿಡದೆ ಸಾಲಾಗಿ ನೋಡುತ್ತಾರೆ. ಕಿಡ್ನಿಯ ಹೆಚ್ಚಿನ ಭಾಗ ತೆಗೆದ ಇಲಿಗಳಲ್ಲಿ ಎನಾಲಾಪ್ರಿಲ್ ಎಂಬ ಮದ್ದು ಈ ಕಲೆಯನ್ನು ತಗ್ಗಿಸುತ್ತದೆಂದು 1980ರ ದಶಕದಲ್ಲಿ ಕಂಡುಕೊಂಡದ್ದು ಹೀಗೆ ಸ್ಲೈಡ್ ನೋಡಿಯೇ.